ಸೇನೆಯ ಗಾಡಿ ಕೆಟ್ಟರೆ ಖಾಸಗಿಯವರು ಎಳೆಯುತ್ತಾರಾ?

ನೀವು ಕೇಳಿದ್ದು ಇಷ್ಟು: ಸೇನೆ ಸಾಮಾನು ಸಾಗಿಸಲು, ಕೆಟ್ಟು ನಿಂತ ಗಾಡಿ ಎಳೆಯಲು ಖಾಸಗಿ ಗುತ್ತಿಗೆದಾರರನ್ನು ಇಟ್ಟುಕೊಳ್ಳುತ್ತದಾ? ಯುದ್ಧ ಬಂದರೆ ಅವರು ಕೈಕೊಡುವುದಿಲ್ವಾ? ನಿಮ್ಮ ಮಾವನ ಎರಡು ಲಾರಿಗಳನ್ನು ಈ ಕೆಲಸಕ್ಕೆ ಬಿಡಬಹುದಾ? ನಾನು ಇಎಂಇಯಲ್ಲಿ, ಅಂದರೆ ಸೇನೆಯ ರಿಪೇರಿ ವಿಭಾಗದಲ್ಲಿ, ರಿಕವರಿ ಮೆಕ್ಯಾನಿಕ್, ಅಂದರೆ ಕೆಟ್ಟು ನಿಂತ, ಹೂತ ಗಾಡಿ ಎಳೆದು ತೆಗೆಯುವವನು ಆಗಿದ್ದೆ. ಸರ್ವೀಸಿನ ಒಂದು ದೊಡ್ಡ ಭಾಗ ಶ್ರೀನಗರ–ಲೇಹ್ ರಸ್ತೆಯಲ್ಲೇ ಕಳೆದಿದ್ದೇನೆ. ಹಾಗಾಗಿ ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಸಾಗಣೆಗೆ ಖಂಡಿತ ಇಟ್ಟುಕೊಳ್ಳುತ್ತಾರೆ, ಅದೂ ಭಾರಿ ಪ್ರಮಾಣದಲ್ಲಿ. ನಮ್ಮವರ ಬಾಯಲ್ಲಿ ಅದು ಸಿಎಚ್‌ಟಿ, ಸಿವಿಲ್ ಹೈರ್ಡ್ ಟ್ರಾನ್ಸ್‌ಪೋರ್ಟ್. ಎಎಸ್‌ಸಿ, ಅಂದರೆ ಸೇನೆಯ ಸರಬರಾಜು-ಸಾಗಣೆ ವಿಭಾಗದವರು ಟೆಂಡರ್ ಕರೆದು ಬಾಡಿಗೆ ಲಾರಿ ತೆಗೆದುಕೊಳ್ಳುತ್ತಾರೆ. (ಎಎಸ್‌ಸಿಯ ತರಬೇತಿ ಕೇಂದ್ರ ಬೆಂಗಳೂರಲ್ಲೇ ಇದೆ.) ಲಡಾಖ್‌ನ ವಿಷಯದಲ್ಲಿ ಇದು ಬೇಕೇ ಬೇಕು. ಶ್ರೀನಗರ–ಲೇಹ್ ರಸ್ತೆಯ 3,528 ಮೀಟರ್ ಎತ್ತರದ ಜೋಜಿಲಾ ಘಾಟಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಅಷ್ಟರೊಳಗೆ ಮೇಲಿರುವ ಸಾವಿರಾರು ಜನರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ, ಟೆಂಟು, ಸಿಮೆಂಟು ಎಲ್ಲ ಹತ್ತಿಸಬೇಕು. ಇದಕ್ಕೆ ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಅನ್ನುತ್ತಾರೆ. ವರ್ಷದ ಕೆಲವೇ ತಿಂಗಳ ಈ ಕೆಲಸಕ್ಕೆ ಅಂತ ಸೇನೆ ಸ್ವಂತ ಲಾರಿ ಖರೀದಿ ಮಾಡಿ, ಡ್ರೈವರ್‌ಗಳನ್ನು ನೇಮಿಸಿ, ಉಳಿದ ತಿಂಗಳು ಸುಮ್ನೆ ನಿಲ್ಲಿಸಿಟ್ಟರೆ ಯಾರಿಗೆ ಲಾಭ? ಬಾಡಿಗೆಯೇ ಲೇಸು.

ಆದರೆ ಡಿಪೋದಿಂದ ಕೊನೆಯ ಪೋಸ್ಟಿನ ತನಕ ಬಾಡಿಗೆ ಲಾರಿಯೇ ಹೋಗುತ್ತದೆ ಅಂದುಕೊಳ್ಳಬೇಡಿ. ಒಳ್ಳೆ ರಸ್ತೆ ಮುಗಿದಲ್ಲಿ ಸೇನೆಯ 4×4 ಸ್ಟ್ಯಾಲಿಯನ್ ಗಾಡಿಗಳ ಕೆಲಸ ಶುರು. ಅದೂ ಹೋಗದ ಕಡೆ ಹೇಸರಗತ್ತೆ, ಪೋರ್ಟರ್‌ಗಳು. ಪೋರ್ಟರ್‌ಗಳೂ ಸಿವಿಲಿಯನ್ನರೇ, ಇದು ಬಹಳ ಜನರಿಗೆ ಗೊತ್ತಿಲ್ಲ.

ಎಳೆಯುವ ಕೆಲಸಕ್ಕೆ ಬರೋಣ. ನಾನು ನೋಡಿದ ಮಟ್ಟಿಗೆ ಬೆಟ್ಟದ ಮೇಲೆ ನಿಮ್ಮ ಪ್ರಶ್ನೆ ತಿರುಗುಮುರುಗು. ಖಾಸಗಿಯವರು ನಮ್ಮ ಗಾಡಿ ಎಳೆದದ್ದಕ್ಕಿಂತ ನಾವು ಖಾಸಗಿಯವರ ಲಾರಿ ಎಳೆದದ್ದೇ ಜಾಸ್ತಿ. ಜೋಜಿಲಾದಲ್ಲಿ ಕ್ಯಾಪ್ಟನ್ ಮೋಡ್ ಅಂತ ಒಂದು ತಿರುವಿದೆ. ಆ ಘಾಟಿಯಲ್ಲಿ ಗಾಡಿಗಳನ್ನು ಒಂದು ಹೊತ್ತು ಒಂದೇ ದಿಕ್ಕಿಗೆ ಬಿಡುತ್ತಾರೆ. ನಡುವೆ ಒಂದು ಲಾರಿ ನಿಂತರೆ ಹಿಂದಿರುವ ಸಾಲೆಲ್ಲ ನಿಂತ ಹಾಗೇ. ಒಮ್ಮೆ ಅಲ್ಲಿ ಹಿಟ್ಟಿನ ಮೂಟೆ ತುಂಬಿದ್ದ ಬಾಡಿಗೆ ಲಾರಿಯ ಹಿಂದಿನ ಆಕ್ಸಲ್ ಕಟ್ಟಾಯಿತು. ನಾವು ಹೋಗುವಷ್ಟರಲ್ಲಿ ಕ್ಲೀನರ್ ಹುಡುಗ ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಆ ಕಲ್ಲಿಗೆ ಇನ್ನೊಂದು ಕಲ್ಲು ಒತ್ತಿಟ್ಟು, ಅದರ ಪಕ್ಕದಲ್ಲೇ ಕೂತಿದ್ದ. ಎಂಜಿನ್ ಮಾತ್ರ ಬಂದ್ ಮಾಡಬೇಡ ಅಂತ ಡ್ರೈವರ್‌ಗೆ ಹೇಳಿದೆವು. ಏರ್ ಬ್ರೇಕಿನ ಗಾಡಿ, ಟ್ಯಾಂಕಿನಲ್ಲಿ ಗಾಳಿ ಇಳಿದರೆ ಬ್ರೇಕ್ ಹಿಡಿದುಕೊಂಡು ಗಾಡಿ ಕದಲುವುದಿಲ್ಲ. ಹಬ್ ಬಿಚ್ಚಿ ತುಂಡಾದ ಆಕ್ಸಲ್ ಎಳೆದು ಹಾಕಿ, ಟೋ ಬಾರ್ (ಗಾಡಿ ಎಳೆಯುವ ಕಬ್ಬಿಣದ ಸರಳು) ಕೊಟ್ಟು, ಅಗಲವಾದ ಜಾಗದ ತನಕ ಎಳೆದುಕೊಂಡು ಹೋದೆವು. ಬಿಲ್ಲೂ ಇಲ್ಲ, ಬಾಡಿಗೆಯೂ ಇಲ್ಲ. ನಮಗೆ ಬೇಕಿದ್ದದ್ದು ರಸ್ತೆ ಖಾಲಿಯಾಗುವುದು, ಅಷ್ಟೇ.

ಇದೇ ಕಾರಣಕ್ಕೆ ಮುಂಚೂಣಿಯ ರಿಕವರಿಯನ್ನು ಸೇನೆ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಸಾಗಣೆ ಒಂದು ದಿನ ತಡವಾದರೂ ನಡೆಯುತ್ತದೆ. ಅಡ್ಡ ನಿಂತ ಗಾಡಿ ಈಗಲೇ ತೆಗೆಯಬೇಕು. ಫೋನ್ ಮಾಡಿ, ರೇಟ್ ಮಾತಾಡಿ, ಕ್ರೇನ್ ಬರುವ ತನಕ ಕಾಯಲು ಆಗಲ್ಲ. ತೂಕದ ಲೆಕ್ಕವೂ ಸಣ್ಣದಲ್ಲ. ಅಮೆರಿಕ ಸೇನೆಯ ಕೈಪಿಡಿಯ ಪ್ರಕಾರ, ಚಕ್ರದ ಮಟ್ಟಕ್ಕೆ ಕೆಸರಲ್ಲಿ ಹೂತ ಗಾಡಿಗೆ ಅದರ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಎರಡರಷ್ಟು, ಕ್ಯಾಬಿನ್ ಮಟ್ಟಕ್ಕಾದರೆ ಮೂರರಷ್ಟು. 40 ಟನ್ ಮೀರಿದ ಟ್ಯಾಂಕ್ ಹೂತರೆ ಊರಿನ ಕ್ರೇನ್ ಏನು ಮಾಡೀತು? ಅದಕ್ಕೆ ಅಂತಲೇ ಟ್ಯಾಂಕಿನ ಚಾಸಿ ಮೇಲೆ ಕಟ್ಟಿದ ರಿಕವರಿ ಗಾಡಿ ಬೇಕು. ನಮ್ಮ ಬೆಮೆಲ್ ಅಂಥದ್ದನ್ನು ತಯಾರಿಸಿದೆ. ಮೈದಾನದ ಹೆದ್ದಾರಿಯಲ್ಲಿ ಕೆಟ್ಟರೆ ಮಾತು ಬೇರೆ, ಅಲ್ಲಿ ಹತ್ತಿರದ ಖಾಸಗಿ ಕ್ರೇನ್ ಕರೆದದ್ದನ್ನೂ ನೋಡಿದ್ದೇನೆ.

ಯುದ್ಧ ಬಂದರೆ ಓಡಿಹೋಗ್ತಾರಾ ಅನ್ನೋದು ನಿಮ್ಮ ಒಳ್ಳೆಯ ಪ್ರಶ್ನೆ. 1965ರಲ್ಲಿ ಪಂಜಾಬಿನ ಲಾರಿ ಡ್ರೈವರ್‌ಗಳು ಗಡಿಯ ತನಕ ಮದ್ದುಗುಂಡು ಹೊತ್ತರು. ಅವರದೇ ಊರು, ಅವರದೇ ಹೊಲ, ಹಿಂದೆ ಸರಿಯುವ ಮಾತೇ ಇರಲಿಲ್ಲ. ಪರದೇಶದಲ್ಲಿ ಸಂಬಳಕ್ಕೆ ಓಡಿಸುವವನಿಗೆ ಆ ಹಂಗಿಲ್ಲ, ಇರಬೇಕು ಅನ್ನುವುದೂ ತಪ್ಪು. 2004ರ ಏಪ್ರಿಲ್ 9ರಂದು ಬಾಗ್ದಾದ್ ಬಳಿ ಅಮೆರಿಕ ಸೇನೆಗೆ ಇಂಧನ ಒಯ್ಯುತ್ತಿದ್ದ ಕೆಬಿಆರ್ ಕಂಪನಿಯ ಟ್ಯಾಂಕರ್ ಸಾಲಿನ ಮೇಲೆ ದಾಳಿಯಾಯಿತು. ಸಿವಿಲಿಯನ್ ಡ್ರೈವರ್‌ಗಳು ಸತ್ತರು. ಒಬ್ಬ ಸೆರೆಸಿಕ್ಕು ಮೇ 2ರಂದು ತಪ್ಪಿಸಿಕೊಂಡು ಬಂದ. ಆಮೇಲೆ ಹಲವರು ಕೆಲಸ ಬಿಟ್ಟು ಊರಿಗೆ ಹೋದರು. ಅದೇ ವರ್ಷ ಜುಲೈನಲ್ಲಿ ಕುವೈತಿನ ಒಂದು ಸಾಗಣೆ ಕಂಪನಿಯ ಏಳು ಡ್ರೈವರ್‌ಗಳನ್ನು ಇರಾಕಿನಲ್ಲಿ ಒತ್ತೆ ಇಟ್ಟುಕೊಂಡಿದ್ದರು. ಅದರಲ್ಲಿ ಮೂವರು ನಮ್ಮ ದೇಶದವರು. ಬಿಡುಗಡೆಯಾದದ್ದು ಸೆಪ್ಟೆಂಬರ್ 1ಕ್ಕೆ. ಅಫ್ಘಾನಿಸ್ತಾನದ್ದು ಇನ್ನೊಂದು ಥರ. ಅಲ್ಲಿ ಸಾಗಣೆ ಕಂಪನಿಗಳು ದಾರಿ ಬಿಡಿಸಿಕೊಳ್ಳಲು ಸ್ಥಳೀಯ ಬಂದೂಕುಧಾರಿಗಳಿಗೆ ಹಣ ಕೊಡುತ್ತಿದ್ದವು ಅಂತ 2010ರಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿಯೇ ವರದಿ ಮಾಡಿತು.

ಬ್ರಿಟಿಷರು ಮಾತ್ರ ಜಾಣತನ ಮಾಡಿದರು. 2001ರಲ್ಲಿ ಟ್ಯಾಂಕ್ ಹೊರುವ ಟ್ರೇಲರ್‌ಗಳ ಕೆಲಸವನ್ನು ಪೂರ್ತಿ ಎಫ್‌ಟಿಎಕ್ಸ್ ಎಂಬ ಖಾಸಗಿ ಕಂಪನಿಗೆ ಕೊಟ್ಟರು. ಅದಕ್ಕೆ ಅಮೆರಿಕದ ಓಷ್‌ಕಾಶ್ ಕಂಪನಿಯ 92 ಗಾಡಿಗಳು. ಆದರೆ ಡ್ರೈವರ್‌ಗಳಲ್ಲಿ ಒಂದಷ್ಟು ಜನ ಸೇನೆಯ ಮೀಸಲು ಪಡೆಗೂ ಸೇರಿರಬೇಕು ಅಂತ ಒಪ್ಪಂದದಲ್ಲೇ ಬರೆದರು. ಶಾಂತಿ ಕಾಲದಲ್ಲಿ ಕಂಪನಿ ನೌಕರ, ಕರೆ ಬಂದರೆ ಸಮವಸ್ತ್ರ ಹಾಕಿದ ಸೈನಿಕ. ಸೆರೆಸಿಕ್ಕರೆ ಯುದ್ಧಕೈದಿ, ಸತ್ತರೆ ಸೈನಿಕನ ಲೆಕ್ಕ. ನನ್ನ ಪ್ರಕಾರ ಬಾಡಿಗೆ ಡ್ರೈವರ್‌ನನ್ನು ಗುಂಡಿನ ಹತ್ತಿರಕ್ಕೆ ಕಳಿಸುವುದಾದರೆ ಇಷ್ಟಾದರೂ ಮಾಡಲೇಬೇಕು.

ಇನ್ನು ನಿಮ್ಮ ಮಾವನ ಲಾರಿಗಳು. ಕರ್ನಾಟಕದಿಂದ ಲಡಾಖ್‌ಗೆ ಕಳಿಸಬೇಡಿ. ಟೆಂಡರ್ ಹಿಡಿಯುವವನು ಬಹಳ ಸಲ ದೊಡ್ಡ ಗುತ್ತಿಗೆದಾರ, ಲಾರಿ ಒದಗಿಸುವವನು ಅವನ ಕೆಳಗಿನ ಸಣ್ಣ ಮಾಲೀಕ. ದುಡ್ಡು ಸೇನೆಯಿಂದ ಗುತ್ತಿಗೆದಾರನಿಗೆ ಬಂದಮೇಲೂ ಇವನ ಕೈಗೆ ಬರಲು ತಿಂಗಳುಗಟ್ಟಲೆ ಆಗುತ್ತದೆ. ಇದನ್ನು ನನ್ನ ಹತ್ತಿರ ಗೋಳಾಡಿಕೊಂಡ ಮಾಲೀಕರು ಒಬ್ಬಿಬ್ಬರಲ್ಲ. ಎತ್ತರದಲ್ಲಿ ಗಾಳಿ ತೆಳು, ಎಂಜಿನ್ ಉಸಿರು ಕಟ್ಟುತ್ತದೆ. ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ. ಬೆಳಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಸ್ಟಾರ್ಟ್ ಮಾಡುವವರನ್ನು ನೋಡಿ ನಮಗೇ ಜೀವ ಹಾರಿಹೋಗುತ್ತಿತ್ತು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಮೇಲೆ ಆ ಕಾಟ ಕಮ್ಮಿ ಆಯಿತಂತೆ. ಆದರೂ ಆ ರಸ್ತೆಗೆ ಅಲ್ಲೇ ಓಡಿಸಿ ಪಳಗಿದ ಡ್ರೈವರೇ ಬೇಕು.

ಅದರ ಬದಲು ಬೆಂಗಳೂರು, ಬೆಳಗಾವಿ ಕಡೆ ಪೋಸ್ಟಿಂಗ್ ಮೇಲೆ ಹೋಗಿಬರುವ ಸೈನಿಕರ ಮನೆ ಸಾಮಾನು ಸಾಗಿಸುವ ಕೆಲಸ ನೋಡಿ. ಅದು ಟೆಂಡರ್ ಅಲ್ಲ, ಅವರೇ ಲಾರಿ ಗೊತ್ತು ಮಾಡಿಕೊಂಡು ಕೈಯಲ್ಲೇ ದುಡ್ಡು ಕೊಡುತ್ತಾರೆ. ರಸೀದಿ ಮಾತ್ರ ಸರಿಯಾಗಿ ಬರೆದುಕೊಡಿ, ಅವರು ಆಫೀಸಿನಲ್ಲಿ ಕ್ಲೇಮ್ ಮಾಡಬೇಕಿರುತ್ತದೆ.