ಬಡ್ಡಿ ಹೋಲಿಸುವ ಮೊದಲು ಬಾಕಿದಾರ ಯಾರೆಂದು ನೋಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಯುರೋಪಿನಲ್ಲಿ ದುಡಿಯುತ್ತಿರುವ ಕನ್ನಡಿಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪೀರ್-ಟು-ಪೀರ್ (ಪಿ2ಪಿ) ಸಾಲದ ವೇದಿಕೆಗಳ, ಅಂದರೆ ಬ್ಯಾಂಕನ್ನು ಬಿಟ್ಟು ಜನರ ಹಣವನ್ನು ನೇರವಾಗಿ ಸಾಲಗಳಲ್ಲಿ ತೊಡಗಿಸುವ ಜಾಲತಾಣಗಳ ಕುರಿತ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಬಾರಿ ಒಟ್ಟಿಗೆ ಬರೆಯುತ್ತಿದ್ದೇನೆ. ಖಾತೆ ತೆರೆಯುವುದು ಹೇಗೆ, ಹಣವನ್ನು ತಾನಾಗಿಯೇ ಹೂಡುವ ಆಟೊ-ಇನ್ವೆಸ್ಟ್ ಹೊಂದಿಸುವುದು ಹೇಗೆ ಎಂಬುದನ್ನು ಇಲ್ಲಿ ಹುಡುಕಬೇಡಿ. ಅಷ್ಟನ್ನು ಆ ಕಂಪನಿಗಳೇ ಬಹಳ ಅಕ್ಕರೆಯಿಂದ ಕಲಿಸಿಕೊಡುತ್ತವೆ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. 10,000 ಯೂರೊ ಉಳಿತಾಯವಿದೆ. ಲಾಟ್ವಿಯಾದ ಮಿಂಟೋಸ್‌ನಲ್ಲಿ ಶೇ 12ರ ಆಸುಪಾಸಿನ ಬಡ್ಡಿಯ ಸಾಲಗಳು ಕಾಣುತ್ತಿವೆ. ಎಸ್ಟೋನಿಯಾದ ಬೊಂಡೋರಾದಲ್ಲಿ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ಮಿಂಟೋಸ್‌ನಲ್ಲಿ ಬೈಬ್ಯಾಕ್ ಗ್ಯಾರಂಟಿಯೂ ಇದೆಯಂತೆ. ಹೆಚ್ಚು ಬಡ್ಡಿಯದನ್ನೇ ಆರಿಸಿಕೊಳ್ಳುವುದು ಸರಿಯಲ್ಲವೇ?

ಉತ್ತರ: ಸರಿಯಲ್ಲ. ನೀವು ಹೋಲಿಸುತ್ತಿರುವ ಎರಡು ಅಂಕಿಗಳು ಒಂದೇ ಅಳತೆಯವಲ್ಲ.

2015ರಲ್ಲಿ ಆರಂಭವಾದ ಮಿಂಟೋಸ್ ಮುಖ್ಯವಾಗಿ ಸಾಲದ ಮಾರುಕಟ್ಟೆ. ಅಲ್ಲಿ ಕಾಣುವ ಬಹುಪಾಲು ಸಾಲಗಳನ್ನು ಬೇರೆ ಬೇರೆ ದೇಶಗಳ ಸಾಲದ ಕಂಪನಿಗಳು ತಮ್ಮ ಗ್ರಾಹಕರಿಗೆ ಮೊದಲೇ ಕೊಟ್ಟಿರುತ್ತವೆ, ಬಳಿಕ ಅವುಗಳ ಹೊರೆಯನ್ನು ನಿಮ್ಮಂಥವರಿಗೆ ದಾಟಿಸಿ ಹೊಸ ಸಾಲಕ್ಕೆ ಹಣ ಎತ್ತುತ್ತವೆ. ಗ್ರಾಹಕನಿಂದ ಆ ಕಂಪನಿ ವಸೂಲು ಮಾಡುವ ಬಡ್ಡಿ ನಿಮಗೆ ಕೊಡುವ ಶೇ 12ಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು. ಗ್ರಾಹಕ ಕಂತು ತಪ್ಪಿಸಿ 60 ದಿನ ಕಳೆದರೆ ಆ ಸಾಲವನ್ನು ಅಸಲು ಬಡ್ಡಿ ಸಮೇತ ಮರಳಿ ಕೊಳ್ಳುತ್ತೇನೆ ಎಂಬುದೇ ಬೈಬ್ಯಾಕ್ ಗ್ಯಾರಂಟಿ. ಈ ಮಾತು ಕೊಡುವುದು ಮಿಂಟೋಸ್ ಅಲ್ಲ, ಸಾಲ ಕೊಟ್ಟ ಕಂಪನಿ. ಆದ್ದರಿಂದ ನಿಮ್ಮ ನಿಜವಾದ ಬಾಕಿದಾರ ಪರದೆಯ ಮೇಲೆ ಕಾಣುವ ವಾಹನ ಸಾಲದ ಗ್ರಾಹಕನಲ್ಲ, ಅವನ ಹಿಂದೆ ನಿಂತಿರುವ ಕಂಪನಿ. ಊರಿನ ಸೊಸೈಟಿಯಲ್ಲಿ ಒಬ್ಬನೇ ಮನುಷ್ಯ ಇನ್ನೂರು ಜನರ ಸಾಲಕ್ಕೆ ಜಾಮೀನು ಹಾಕಿದರೆ ಕಾರ್ಯದರ್ಶಿಗೆ ನಿದ್ದೆ ಬರುತ್ತದೆಯೇ? ಒಬ್ಬಿಬ್ಬರು ತಪ್ಪಿಸಿದಾಗ ಆ ಜಾಮೀನು ನಡೆಯುತ್ತದೆ. ಎಲ್ಲರೂ ಒಟ್ಟಿಗೆ ತಪ್ಪಿಸಿದ ದಿನ, ಅಂದರೆ ಜಾಮೀನು ನಿಜವಾಗಿ ಬೇಕಾದ ದಿನ, ಅದಕ್ಕೆ ಬೆಲೆಯಿರುವುದಿಲ್ಲ.

ಇದು ಊಹೆಯ ಮಾತಲ್ಲ. ಅರ್ಮೇನಿಯಾದ ವರ್ಕ್ಸ್ ಎಂಬ ಸಾಲದ ಕಂಪನಿಯ ಪರವಾನಗಿಯನ್ನು 2020ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ರದ್ದುಪಡಿಸಿತು, ಮತ್ತು ಅದರ ಸಾಲಗಳಲ್ಲಿ ಮಿಂಟೋಸ್ ಮೂಲಕ ಹಣ ತೊಡಗಿಸಿದ್ದವರು ವರ್ಷಗಟ್ಟಲೆ ವಸೂಲಿಗಾಗಿ ಕಾಯಬೇಕಾಯಿತು. ಅದಕ್ಕೂ ಮೊದಲು ಪೋಲೆಂಡಿನ ಯೂರೊಸೆಂಟ್ ಮತ್ತು ಅಫೋರ್ಟಿ ಎಂಬ ಕಂಪನಿಗಳು ಇದೇ ವೇದಿಕೆಯಲ್ಲಿ ಸುಸ್ತಿಯಾಗಿದ್ದವು. 2022ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಬೇರೆ ಬಗೆಯದು. ಉಕ್ರೇನಿನ ಮೇಲೆ ದಾಳಿ ಮಾಡಿದ ಬಳಿಕ ರಷ್ಯಾ ಸರ್ಕಾರವು ತನಗೆ ಪ್ರತಿಕೂಲವೆಂದು ಕರೆದ ದೇಶಗಳಲ್ಲಿ ಸಾಲ ಕೊಟ್ಟವರಿಗೆ ತಿಂಗಳಿಗೆ 1 ಕೋಟಿ ರೂಬಲ್‌ ಮೀರಿದ ಪಾವತಿಯ ಮೇಲೆ ನಿರ್ಬಂಧ ಹೇರಿತು. ರಷ್ಯಾದ ಗ್ರಾಹಕರು ಕಂತು ಕಟ್ಟುತ್ತಿದ್ದರು, ಕಂಪನಿಯೂ ಮುಳುಗಿರಲಿಲ್ಲ, ಆದರೆ ಹಣ ಗಡಿ ದಾಟಲಾರದೆ ಕುಳಿತಿತು. ಇಂಥ ಅಪಾಯವನ್ನು ಯಾವ ಗ್ಯಾರಂಟಿಯೂ ಹೊರುವುದಿಲ್ಲ.

ಸಾಲಗಳನ್ನು ಹಂಚಿಬಿಟ್ಟರೆ ಸಾಕು ಎಂಬ ಭ್ರಮೆಯೂ ಇಲ್ಲಿಯೇ ಒಡೆಯಬೇಕು. ‘ನನ್ನ ಹಣ 500 ಸಾಲಗಳಲ್ಲಿ ಹರಡಿದೆ’ ಎಂದು ಹೆಮ್ಮೆಯಿಂದ ಬರೆಯುವವರ ಪಟ್ಟಿ ತೆರೆದು ನೋಡಿದರೆ ಆ ಐನೂರೂ ಮೂರು ಕಂಪನಿಗಳವು, ಆ ಮೂರರಲ್ಲಿ ಎರಡಕ್ಕೆ ಒಬ್ಬನೇ ಮಾಲೀಕ. ಅವರಿಗಿರುವುದು 500 ಸಾಲವಲ್ಲ, ಎರಡು ಸಾಲ.

ಇನ್ನು ಬೊಂಡೋರಾದ ಲೆಕ್ಕ. ಅದು ತಾನೇ ಗ್ರಾಹಕರಿಗೆ ಸಾಲ ಕೊಡುವ ಕಂಪನಿ. 2018ರಲ್ಲಿ ಅದು ತಂದ ಗೋ ಅಂಡ್ ಗ್ರೋ ಖಾತೆಯಲ್ಲಿ ನಿಮ್ಮ ಹಣ ಸಾವಿರಾರು ಸಾಲಗಳ ಒಂದು ದೊಡ್ಡ ರಾಶಿಯ ಚೂರುಗಳಲ್ಲಿ ಇರುತ್ತದೆ. ಬೈಬ್ಯಾಕ್ ಎಂಬುದು ಅಲ್ಲಿಲ್ಲ. ಬಹುಕಾಲ ಶೇ 6.75 ಎಂದು ಘೋಷಿಸುತ್ತಿದ್ದ ದರ ಸುಸ್ತಿಯ ನಷ್ಟವನ್ನು ಕಳೆದ ಬಳಿಕ ಕೊಡಬಯಸುವ ಮೇಲ್ಮಿತಿಯೇ ಹೊರತು ಖಾತರಿಯಲ್ಲ. ಹಾಗಾಗಿ ಒಂದು ಕಡೆಯ ಶೇ 12 ಕಂಪನಿ ಮುಳುಗುವ ನಷ್ಟವನ್ನು ಇನ್ನೂ ಕಳೆಯದ ಅಂಕಿ, ಇನ್ನೊಂದು ಕಡೆಯ ಶೇ 6 ಮಾಮೂಲಿ ನಷ್ಟವನ್ನು ಆಗಲೇ ಕಳೆದ ಅಂಕಿ.

ನಿಮ್ಮ 10,000 ಯೂರೊವನ್ನೇ ತೆಗೆದುಕೊಳ್ಳಿ. ಹತ್ತು ಕಂಪನಿಗಳಿಗೆ ಸಾವಿರದಂತೆ ಹಂಚಿದಿರಿ, ಎಲ್ಲವೂ ಶೇ 12. ವರ್ಷದಲ್ಲಿ ಒಂದು ಕಂಪನಿ ಬಡ್ಡಿ ಕೊಡದೆ ಮುಳುಗಿತು, ಅದರಿಂದ ಮುಂದೆಂದೋ ಶೇ 40 ವಸೂಲಾಗುತ್ತದೆ ಎಂದುಕೊಳ್ಳೋಣ. ಒಂಬತ್ತು ಕಂಪನಿಗಳಿಂದ ಬಡ್ಡಿ 1,080, ಹತ್ತನೆಯದರಲ್ಲಿ ನಷ್ಟ 600; ಉಳಿದದ್ದು 480, ಅಂದರೆ ಶೇ 4.8. ಜರ್ಮನಿಯಲ್ಲಿ ಬಂಡವಾಳ ಆದಾಯಕ್ಕೆ ಮೇಲ್ತೆರಿಗೆ ಸೇರಿ ಶೇ 26.375 ತೆರಿಗೆ. ಒಬ್ಬರಿಗೆ ಸಿಗುವ 1,000 ಯೂರೊ ವಿನಾಯಿತಿಯನ್ನು ಷೇರುಗಳ ಲಾಭಾಂಶ ಈಗಾಗಲೇ ತಿಂದುಹಾಕಿದ್ದರೆ ಪೂರ್ತಿ 1,080ಕ್ಕೂ ಆ ವರ್ಷವೇ ಸುಮಾರು 285 ಯೂರೊ ತೆರಿಗೆ ಬೀಳುತ್ತದೆ, ಏಕೆಂದರೆ ಮುಳುಗಿದ ಸಾಲ ಕೊನೆಯದಾಗಿ ನಷ್ಟವೆಂದು ತೀರ್ಮಾನವಾಗುವವರೆಗೆ ಅದನ್ನು ಕಳೆಯಲು ಬಿಡುವುದಿಲ್ಲ. ಕೈಯಲ್ಲಿ ಉಳಿದದ್ದು 195 ಯೂರೊ, ಶೇ 2ಕ್ಕೂ ಕಡಿಮೆ. 1 ಲಕ್ಷ ಯೂರೊವರೆಗೆ ಠೇವಣಿ ವಿಮೆಯಿರುವ ಬ್ಯಾಂಕಿನಲ್ಲಿ ಏನು ಸಿಗುತ್ತಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈ ಸತ್ಯ ನಿಮ್ಮ ಖಾತೆಯ ಮೊದಲ ಪುಟದಲ್ಲಿ ಕಾಣುವುದಿಲ್ಲ. ಬಹಳಷ್ಟು ವೇದಿಕೆಗಳು ದೊಡ್ಡ ಅಕ್ಷರದಲ್ಲಿ ತೋರಿಸುವ ವಾರ್ಷಿಕ ಪ್ರತಿಫಲದಲ್ಲಿ ವಸೂಲಿಯಲ್ಲಿ ಸಿಲುಕಿದ ಹಣದ ನಷ್ಟ ಸೇರಿರುವುದಿಲ್ಲ, ಹೂಡದೆ ಬಿದ್ದಿದ್ದ ನಗದಿನ ದಿನಗಳೂ ಸೇರಿರುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಹಾಕಿದ ಹಣ ಋಣ ಚಿಹ್ನೆಯಲ್ಲಿ, ತೆಗೆದ ಹಣ ಧನ ಚಿಹ್ನೆಯಲ್ಲಿ ದಿನಾಂಕ ಸಮೇತ ಬರೆದು, ಕೊನೆಯ ಸಾಲಿನಲ್ಲಿ ಇಂದಿನ ಬಾಕಿಯಿಟ್ಟು, ದಿನಾಂಕಗಳ ಲೆಕ್ಕ ಹಿಡಿದು ನಿಜವಾದ ವಾರ್ಷಿಕ ಪ್ರತಿಫಲ ಹೇಳುವ ಎಕ್ಸ್‌ಐಆರ್‌ಆರ್ ಸೂತ್ರ ಹಾಕಿ. ‘ರಿಕವರಿ’ ಸಾಲಿನಲ್ಲಿರುವುದನ್ನು ನಾನು ಸೊನ್ನೆ ಎಂದೇ ಹಿಡಿಯುತ್ತೇನೆ. ಅಷ್ಟು ಕಟುವಾಗುವುದು ಬೇಡವೆನಿಸಿದರೆ ಅರ್ಧ ಹಿಡಿಯಿರಿ, ಪೂರ್ತಿಯಂತೂ ಬೇಡ.

ಹೋಲಿಸಲೇಬೇಕೆಂದಿದ್ದರೆ ಸಾಲ ಕೊಟ್ಟ ಕಂಪನಿಯ ಲೆಕ್ಕಪರಿಶೋಧಿತ ವಾರ್ಷಿಕ ವರದಿ ತೆರೆಯಿರಿ. ಒಟ್ಟು ಆಸ್ತಿಯಲ್ಲಿ ಸ್ವಂತ ಬಂಡವಾಳ ಎಷ್ಟು, ಲೆಕ್ಕಪರಿಶೋಧಕರು ಷರಾ ಬರೆದಿದ್ದಾರೆಯೇ, ಹಣಕ್ಕೆ ಈ ಒಂದು ವೇದಿಕೆಯನ್ನೇ ನೆಚ್ಚಿದೆಯೇ, ಮಾತೃ ಸಮೂಹ ಜಾಮೀನು ಬರೆದುಕೊಟ್ಟಿದೆಯೇ ಎಂಬುದನ್ನು ನೋಡಿ. ಕೊನೆಯದರ ಬೆಲೆ ಉಕ್ರೇನ್ ಯುದ್ಧದಲ್ಲಿ ಗೊತ್ತಾಯಿತು: ಪೀರ್‌ಬೆರಿ ವೇದಿಕೆಯ ಯುದ್ಧಪೀಡಿತ ಸಾಲಗಳನ್ನು ಅವೆಂಟಸ್ ಸಮೂಹವು ಬೇರೆ ದೇಶಗಳಲ್ಲಿನ ತನ್ನ ಗಳಿಕೆಯಿಂದ ಕಂತುಕಂತಾಗಿ ತೀರಿಸುತ್ತಾ ಬಂದಿತು. ವರದಿಯೇ ಸಿಗದಿದ್ದರೆ ಅಲ್ಲಿಗೆ ಹೋಲಿಕೆ ಮುಗಿಯಿತು, ಮುಂದೆ ನೋಡಬೇಡಿ. ಇಷ್ಟೆಲ್ಲ ನೋಡಿದ ಮೇಲೂ ಒಟ್ಟು ಉಳಿತಾಯದ ಶೇ 5 ಮೀರುವುದಕ್ಕೆ, ಮೂರು ವರ್ಷದೊಳಗೆ ಬೇಕಾಗುವ ಹಣವನ್ನು ತೊಡಗಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಿಮ್ಮ ಬಳಿ ಇರುವುದೆಲ್ಲ ಆ 10,000 ಮಾತ್ರವೆಂದಾದರೆ ಈ ಉತ್ತರವನ್ನು ಇಲ್ಲಿಗೇ ಓದಿ ನಿಲ್ಲಿಸಬಹುದು.

ಪ್ರಶ್ನೆ: ವೇದಿಕೆ ಐರೋಪ್ಯ ಒಕ್ಕೂಟದಲ್ಲಿ ನೋಂದಾಯಿತವಾಗಿದೆ, ಪರವಾನಗಿಯೂ ಇದೆ. ಹಣ ಸುರಕ್ಷಿತವಲ್ಲವೇ?

ಉತ್ತರ: ನೋಂದಣಿ ಬೇರೆ, ಪರವಾನಗಿ ಬೇರೆ, ಸುರಕ್ಷತೆ ಬೇರೆ. ಎಸ್ಟೋನಿಯಾದಲ್ಲಿ ನೋಂದಾಯಿಸಿಕೊಂಡಿದ್ದ ಕ್ಯೂಟ್ಜಲ್ ಮತ್ತು ಎನ್ವೆಸ್ಟಿಯೊ ಎಂಬ ಎರಡು ವೇದಿಕೆಗಳು 2020ರ ಜನವರಿಯಲ್ಲಿ ಒಂದರ ಹಿಂದೊಂದು ಮುಚ್ಚಿಕೊಂಡವು. ಕೆಲವೇ ವಾರಗಳಲ್ಲಿ ಲಾಟ್ವಿಯಾದ ಗ್ರುಪೀರ್ ಪಾವತಿ ನಿಲ್ಲಿಸಿತು. ಇನ್ನು ಪರವಾನಗಿ: ಬ್ರಿಟನ್ನಿನ ಲೆಂಡಿ ಸಂಸ್ಥೆಗೆ ಅಲ್ಲಿನ ನಿಯಂತ್ರಕ ಎಫ್‌ಸಿಎ ಪೂರ್ಣ ಅನುಮತಿ ಕೊಟ್ಟದ್ದು 2018ರ ಜುಲೈನಲ್ಲಿ, ಅದು ಕುಸಿದು ದಿವಾಳಿ ಆಡಳಿತಾಧಿಕಾರಿಗಳ ಕೈಗೆ ಹೋದದ್ದು 2019ರ ಮೇ ತಿಂಗಳಲ್ಲಿ. ಅದಾದ ಮೇಲೆಯೇ ಎಫ್‌ಸಿಎ ಹೊಸ ಸಾಮಾನ್ಯ ಹೂಡಿಕೆದಾರರಿಗೆ ತಮ್ಮ ಹೂಡಬಲ್ಲ ಸ್ವತ್ತಿನ ಶೇ 10ರ ಮಿತಿ ಜಾರಿಗೊಳಿಸಿದ್ದು. ಐರೋಪ್ಯ ಒಕ್ಕೂಟದ 2020ರ ಕ್ರೌಡ್‌ಫಂಡಿಂಗ್ ನಿಯಮಾವಳಿಯು ವ್ಯಾಪಾರೋದ್ಯಮದ ಸಾಲಗಳಿಗೆ ಮಾತ್ರ ಅನ್ವಯ, ಗ್ರಾಹಕ ಸಾಲಗಳಿಗಲ್ಲ. ಅದು ನಾಲ್ಕು ದಿನ ಮರುಯೋಚನೆಯ ಅವಕಾಶ ಕೊಡುತ್ತದೆ, ಎಚ್ಚರಿಕೆ ಓದಿಸುತ್ತದೆ. ಕಳೆದ ಹಣವನ್ನು ಮರಳಿಸುವುದಿಲ್ಲ. ಮಿಂಟೋಸ್ 2021ರಲ್ಲಿ ಹೂಡಿಕೆ ಸಂಸ್ಥೆಯ ಪರವಾನಗಿ ಪಡೆದಿದೆ, ಅದರಡಿಯಲ್ಲಿ ನಷ್ಟದ ಶೇ 90ರಷ್ಟು, ಗರಿಷ್ಠ 20,000 ಯೂರೊ ಪರಿಹಾರವಿದೆ ಎಂಬುದು ನಿಜ. ಆದರೆ ಅದು ವೇದಿಕೆಯೇ ನಿಮ್ಮ ಸ್ವತ್ತನ್ನು ಒಪ್ಪಿಸದೆ ಹೋದಾಗಿನ ಪರಿಹಾರ. ಸಾಲ ಮುಳುಗಿದ್ದಕ್ಕೆ ಬಿಡಿಗಾಸೂ ಬಾರದು.

ಪ್ರಶ್ನೆ: ಬೊಂಡೋರಾ ಖಾತೆಯಿಂದ ಯಾವಾಗ ಬೇಕಾದರೂ ಹಣ ತೆಗೆಯಬಹುದಂತೆ. ತುರ್ತು ನಿಧಿಯನ್ನು ಅಲ್ಲಿಡಬಹುದೇ?

ಉತ್ತರ: ಬೇಡ. 2020ರ ವಸಂತದಲ್ಲಿ ಎಲ್ಲರೂ ಒಟ್ಟಿಗೆ ಹಣ ಕೇಳಿದಾಗ ಅದು ಕಂತಿನಲ್ಲಿ ಕೊಟ್ಟಿತು. ತುರ್ತು ಬರುವುದು ಅಂಥ ತಿಂಗಳುಗಳಲ್ಲೇ.

ಪ್ರಶ್ನೆ: ಆಸ್ತಿ ಅಡಮಾನವಿರುವ ಸಾಲಗಳಾದರೆ?

ಉತ್ತರ: ಅಡಮಾನದ ಬೆಲೆ ಕಟ್ಟಿದವರು ಯಾರು, ಹರಾಜಿಗೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳಿಕೊಳ್ಳಿ. ಎಸ್ಟೇಟ್‌ಗುರು ವೇದಿಕೆಯ ಜರ್ಮನಿಯ ಸಾಲಗಳಲ್ಲಿ ದೊಡ್ಡ ಭಾಗ 2022ರಿಂದೀಚೆಗೆ ಸುಸ್ತಿಯಾಯಿತು, ಅವೆಲ್ಲಕ್ಕೂ ಅಡಮಾನವಿತ್ತು.

ಪ್ರಶ್ನೆ: ಒಬ್ಬರು ಯೂಟ್ಯೂಬ್‌ನಲ್ಲಿ ಪ್ರತಿ ತಿಂಗಳೂ ತಮ್ಮ ಪಿ2ಪಿ ಆದಾಯ ತೋರಿಸುತ್ತಾರೆ, ಬೋನಸ್ ಲಿಂಕನ್ನೂ ಕೊಡುತ್ತಾರೆ. ನಂಬಬಹುದೇ?

ಉತ್ತರ: ಅವರ ಆದಾಯ ನೀವು. ಆ ಲಿಂಕಿನಿಂದ ನೀವು ಹೂಡಿದ ಮೊತ್ತಕ್ಕೆ ತಕ್ಕಂತೆ ಅವರಿಗೆ ಕಮಿಷನ್ ಸಂದಾಯವಾಗುತ್ತದೆ; ಅದನ್ನು ಬಡ್ಡಿಯ ಸಾಲಿಗೇ ಸೇರಿಸಿ ತೋರಿಸುವವರೂ ಇದ್ದಾರೆ. ಕ್ಯೂಟ್ಜಲ್, ಎನ್ವೆಸ್ಟಿಯೊ ಮುಚ್ಚುವ ಮುನ್ನ ಅವನ್ನು ಹೊಗಳಿದ ಸ್ವಘೋಷಿತ ಪಂಡಿತರಿಗೆ ಬರವಿರಲಿಲ್ಲ. ಹೊಸಬರಿಗೆ ಕ್ಯಾಶ್‌ಬ್ಯಾಕ್ ಏರಿಸುತ್ತಾ ಹೋಗುವ ವೇದಿಕೆಯನ್ನು ಕಂಡರೆ ನಾನು ಮೊದಲು ಕೇಳುವುದು, ಹಳಬರು ಏಕೆ ಹೊರಡುತ್ತಿದ್ದಾರೆ ಎಂದು.

ಪ್ರಶ್ನೆ: ಬ್ಯಾಂಕಿನಿಂದ ಶೇ 6ಕ್ಕೆ ವೈಯಕ್ತಿಕ ಸಾಲ ಪಡೆದು ಶೇ 12ಕ್ಕೆ ಹೂಡಿದರೆ?

ಉತ್ತರ: ಈ ಪ್ರಶ್ನೆಯನ್ನು ಇನ್ನೊಮ್ಮೆ ಕಳುಹಿಸಬೇಡಿ.

ಪ್ರಶ್ನೆ: ಮುಂದಿನ ವರ್ಷ ಕಾಯಂ ಆಗಿ ಬೆಂಗಳೂರಿಗೆ ಮರಳುತ್ತಿದ್ದೇವೆ. ಖಾತೆಯನ್ನು ಹಾಗೇ ಇಟ್ಟುಕೊಳ್ಳಬಹುದೇ?

ಉತ್ತರ: ಮರಳಿದ ಕೂಡಲೇ ಅಲ್ಲದಿದ್ದರೂ, ತೆರಿಗೆ ಕಾನೂನಿನಂತೆ ನೀವು ಭಾರತದ ಸಾಮಾನ್ಯ ನಿವಾಸಿಯಾದ ವರ್ಷದಿಂದ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಯ ಅನುಬಂಧದಲ್ಲಿ ಇದನ್ನು ಘೋಷಿಸಬೇಕು, ಬಡ್ಡಿಗೆ ನಿಮ್ಮ ಸ್ಲ್ಯಾಬಿನ ದರದಲ್ಲಿ ತೆರಿಗೆ ಕಟ್ಟಬೇಕು. ಬಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡವಿದೆ. ಸಣ್ಣ ಮೊತ್ತದ ಚರಾಸ್ತಿಗೆ 2024ರಲ್ಲಿ ಸಿಕ್ಕ ವಿನಾಯಿತಿ ಆ ದಂಡಕ್ಕೆ ಮಾತ್ರ, ಘೋಷಣೆಗಲ್ಲ. ಹೊಸ ಹೂಡಿಕೆಯನ್ನು ಇಂದೇ ನಿಲ್ಲಿಸಿ, ಆಟೊ-ಇನ್ವೆಸ್ಟ್ ಬಂದ್ ಮಾಡಿ, ಕಂತು ಬಂದಂತೆ ಹಣವನ್ನು ಬ್ಯಾಂಕಿಗೆ ಹಾಕಿಕೊಳ್ಳಿ. ವಸೂಲಿಯಲ್ಲಿ ಸಿಲುಕಿದ ಚೂರುಪಾರು ನೀವು ವಿಮಾನ ಹತ್ತುವ ವೇಳೆಗೂ ಅಲ್ಲೇ ಉಳಿದಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಜರ್ಮನಿಯ ಬ್ಯಾಂಕ್ ಖಾತೆಯನ್ನು ಮುಚ್ಚುವ ಮೊದಲು ಆ ಹಣ ಮುಂದೆ ಯಾವ ಖಾತೆಗೆ ಬರಬೇಕು ಎಂಬುದನ್ನು ವೇದಿಕೆಯೊಂದಿಗೆ ಲಿಖಿತವಾಗಿ ಗೊತ್ತುಮಾಡಿಕೊಳ್ಳಿ.