ಐದು ವಾರದ ಮಗು ಸಂಜೆಯೆಲ್ಲ ಅಳುತ್ತದೆ, ಎದೆಹಾಲು ಸಾಲದೆಂದು ರಾತ್ರಿ ಒಂದು ಬಾಟಲಿ ಪುಡಿಹಾಲು ಕೊಡಬಹುದೇ?

ನೀವು ಕೇಳಿರುವ ಆ ಒಂದು ಬಾಟಲಿಯಿಂದಲೇ ನನ್ನ ಕಥೆಯೂ ಆರಂಭವಾಯಿತು. ಐದು ವಾರ ತುಂಬಿದಾಗ ನನ್ನ ಮಗಳು ಸಂಜೆ ಆರರಿಂದ ಹತ್ತರವರೆಗೆ ಎದೆ ಬಿಡುತ್ತಿರಲಿಲ್ಲ. ಬಿಡಿಸಿದರೆ ಮುಷ್ಟಿ ಚೀಪಿಕೊಂಡು ಅಳುತ್ತಿದ್ದಳು. ಅದುವರೆಗೆ ಬಿಗಿದು ಸೋರುತ್ತಿದ್ದ ಎದೆಯೂ ಅದೇ ವಾರ ಮೆತ್ತಗಾಯಿತು. ಹಾಲು ಬತ್ತುತ್ತಿದೆಯೆಂದು ಮನೆಯವರು ಹೇಳಿದರು, ನಾನೂ ನಂಬಿದೆ.

ಹನ್ನೊಂದಕ್ಕೆ ಬಾಟಲಿ ಕುಡಿಸಿ ನಸುಕಿನವರೆಗೆ ನಿದ್ರಿಸಿದೆ. ತಪ್ಪಾದದ್ದು ಪುಡಿಹಾಲಿನಿಂದಲ್ಲ, ಆ ಐದಾರು ಗಂಟೆ ಎದೆಯಲ್ಲಿ ಹಾಲು ನಿಂತುಬಿಟ್ಟದ್ದರಿಂದ. ಎದೆಹಾಲು ಪಾತ್ರೆಯಲ್ಲಿ ತುಂಬಿಟ್ಟ ದಾಸ್ತಾನಲ್ಲ. ಮಗು ಎಳೆದಷ್ಟೂ ಊರುತ್ತದೆ, ಎಳೆಯದೆ ನಿಂತ ಹಾಲು ಇನ್ನು ಸಾಕೆಂದು ದೇಹಕ್ಕೆ ತಿಳಿಸುತ್ತದೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಹೊತ್ತು, ನಾನು ತಪ್ಪಿಸಿದ್ದೂ ಅದೇ ಹೊತ್ತನ್ನು. ಹಾಲು ನಿಜಕ್ಕೂ ಕಡಿಮೆಯಾಗತೊಡಗಿತು, ಅದಕ್ಕೆಂದು ಇನ್ನೊಂದು ಬಾಟಲಿ ಬಂತು, ಅದರಿಂದ ಹಾಲು ಮತ್ತಷ್ಟು ತಗ್ಗಿತು. ನಾಲ್ಕನೆಯ ತಿಂಗಳಲ್ಲಿ ಎದೆಗೆ ಹಚ್ಚಿದರೆ ಅವಳು ಬೆನ್ನು ಸೆಟೆಸಿ ಮುಖ ತಿರುಗಿಸುತ್ತಿದ್ದಳು.

ಆದ್ದರಿಂದ ಹಾಲು ಸಾಲದೆಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಸಂಜೆಯ ಅಳುವಾಗಲಿ, ಮೆತ್ತಗಾದ ಎದೆಯಾಗಲಿ, ಪಂಪಿನಲ್ಲಿ ಬಂದ ನಾಲ್ಕು ಚಮಚವಾಗಲಿ ಅದಕ್ಕೆ ಸಾಕ್ಷಿಯಲ್ಲ. ಮಗು ದಿನಕ್ಕೆ 6 ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಇವುಗಳಲ್ಲಿ ಒಂದು ತಪ್ಪಿದರೂ ಇಂದೇ ವೈದ್ಯರಿಗೆ ತೋರಿಸಿ. ಅವರು ಪುಡಿಹಾಲು ಬೇಕೆಂದರೆ ಹಟ ಹಿಡಿಯದೆ ಕೊಡಿ.

ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲೊಂದನ್ನೇ ಉಣಿಸಿ ಎನ್ನುತ್ತದೆ. ಎರಡನೆಯ ಮಗುವಿನಲ್ಲಿ ನನಗೆ ಅದು ಸಾಧ್ಯವಾಯಿತು. ಮಗು ಬಾಯಿ ಅಗಲಿಸುವವರೆಗೆ ಕಾದು, ಗದ್ದ ಎದೆಗೆ ಒತ್ತುವಂತೆ, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಯುವುದನ್ನು ದಾದಿಯೊಬ್ಬರು ಪಕ್ಕದಲ್ಲೇ ಕುಳಿತು ಕಲಿಸಿದರು. (ಮೊದಲ ಸಲ ತೊಟ್ಟು ಬಿರಿದಾಗ ಹಾಲೂಡಿಸುವುದೆಂದರೆ ಹೀಗೆಯೇ ಎಂದುಕೊಂಡಿದ್ದೆ.) ಗಡಿಯಾರ ನೋಡದೆ ದಿನಕ್ಕೆ 8ರಿಂದ 12 ಬಾರಿ ಉಣಿಸಿದೆ.

ಅದಕ್ಕಿಂತಲೂ ಹೆಚ್ಚು ನೆರವಾದದ್ದು, ಸಂಜೆಯ ಆ ನಾಲ್ಕು ಗಂಟೆ ಅಡುಗೆ, ಬಟ್ಟೆ, ಬಂದವರ ಉಪಚಾರ ಯಾವುದಕ್ಕೂ ನನ್ನನ್ನು ಕರೆಯಬಾರದೆಂದು ಮೊದಲೇ ಹೇಳಿಬಿಟ್ಟದ್ದು. ನಿಮ್ಮ ಮನೆಯಲ್ಲಿ ಬಾಟಲಿ ಹಿಡಿದು ನಿಂತವರಿಗೆ ಮಗುವಿನ ತೇಗು ತೆಗೆಸಿ ಮಲಗಿಸುವ ಕೆಲಸವನ್ನು ಒಪ್ಪಿಸಿ, ಅಷ್ಟು ಹೊತ್ತು ನೀವು ನಿದ್ದೆ ಮಾಡಿ.