ಮೆಟ್ಟಿಲ ಕೆಳಗೆ ಉಳಿದ ವೈನಿ

ಇದು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ, ಬಾಗಲಕೋಟೆ ನವನಗರದ ಒಂದು ಮನೆಯ ಪ್ರಕರಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೈದುನ ಕರೆಯುವಂತೆ ನಾನೂ ಆ ಮನೆಯ ಹಿರಿ ಸೊಸೆಯನ್ನು ಇಲ್ಲಿ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ.

ತಲೆನೋವು, ರಾತ್ರಿ ನಿದ್ದೆ ಇಲ್ಲ ಅಂತ ಬಂದಿದ್ದರು. ಮೊದಲು ವೈದ್ಯರ ಹತ್ತಿರ ಕಳಿಸಿದೆ. ಬಿಪಿ ಸರಿ ಇತ್ತು, ಬೇರೆ ತೊಂದರೆ ಕಾಣಲಿಲ್ಲ. ಮತ್ತೆ ಬಂದಾಗ ಮೆಲ್ಲಗೆ ವಿಷಯ ಹೊರಬಂತು. ಗಂಡನ ಜೊತೆ ಮಾತು ನಿಂತು ಹದಿನೆಂಟು ದಿನ ಆಗಿತ್ತು. ಮಲೇಶಿಯಾ ಪ್ರವಾಸದಿಂದ ಬಂದ ಮೇಲೆ ಶುರುವಾದದ್ದು. ಅಲ್ಲಿ ಜಗಳ ಆಯ್ತಾ ಎಂದು ಕೇಳಿದೆ. "ಇಲ್ರಿ ಮೇಡಮ್, ಜಗಳ ಏನೂ ಆಗಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಏನ್ ಅಲ್ಲಿಗೆ ರೊಟ್ಟಿ ಬಡಿಯಾಕ ಹೋಗಿದ್ನೇನ್ರಿ?" ಎಂದು ಅತ್ತುಬಿಟ್ಟರು.

ಮೈದುನ ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದಾನೆ. ಬನ್ನಿ ಬನ್ನಿ ಎಂದು ಕರೆಯುತ್ತಲೇ ಇದ್ದ. 2023ರ ಡಿಸೆಂಬರ್‌ನಿಂದ ಭಾರತದವರಿಗೆ 30 ದಿನದವರೆಗೆ ವೀಸಾ ಬೇಡ ಎಂದಾದ ಮೇಲೆ ಇವರಿಗೂ ಧೈರ್ಯ ಬಂತು. ಗಂಡ, ಹೆಂಡತಿ, 13ರ ಮಗಳು, ಎಪ್ಪತ್ತು ದಾಟಿದ ಅತ್ತೆ, ಹತ್ತು ದಿನದ ರಜೆ.

ಅತ್ತೆ ಹೊರಗಿನ ಊಟ ಮುಟ್ಟುವುದಿಲ್ಲ. ಹಾಗಾಗಿ ಬ್ಯಾಗಿನಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಬೆಳಿಗ್ಗೆ ಆರಕ್ಕೆ ಎದ್ದರೆ ಬಾಗಲಕೋಟೆಯಲ್ಲಿ ಇನ್ನೂ ಮೂರೂವರೆ. ವೈನಿ ದಿನಾ ಆ ಹೊತ್ತಿಗೆ ಎದ್ದು ಕರೆಂಟಿನ ಒಲೆ ಮುಂದೆ ನಿಂತರು. ಆ ಒಲೆಯಲ್ಲಿ ಉರಿ ಇಲ್ಲ, ರೊಟ್ಟಿ ಸರಿಯಾಗಿ ಉಬ್ಬುತ್ತಿರಲಿಲ್ಲ. ಬೆಳಿಗ್ಗೆಯೇ ಸೆಖೆ, ಮಧ್ಯಾಹ್ನ ದಿಢೀರ್ ಮಳೆ, ಮೈಯೆಲ್ಲ ಅಂಟು. ನೆಗೆಣ್ಣಿ ನೌಕರಿಗೆ ಹೋಗುವವಳು. "ಅಕ್ಕ ಬಂದ ಮೇಲೆ ನನಗೆ ಆರಾಮ ಆಯ್ತು" ಎಂದಳಂತೆ, ಪ್ರೀತಿಯಿಂದಲೇ.

ಬಾತು ಗುಹೆಗೆ ಹೋದ ದಿನ ನಡೆದದ್ದನ್ನು ವೈನಿ ನನಗೆ ಮೂರು ಸಲ ಹೇಳಿದರು. 140 ಅಡಿ ಎತ್ತರದ, ಬಂಗಾರ ಬಣ್ಣದ ಮುರುಗನ್ ಮೂರ್ತಿ. ಅದರ ಪಕ್ಕದಲ್ಲೇ ಗುಹೆಗೆ ಏರುವ 272 ಮೆಟ್ಟಿಲು. ಅತ್ತೆಗೆ ಮೊಣಕಾಲು ನೋವು. ಯಾರಾದರೂ ಕೆಳಗೆ ಇರಬೇಕಲ್ವಾ? "ನೀವು ಹೋಗಿ ಬರ್ರಿ, ನನಗ ನಡೀತದ" ಎಂದರು ವೈನಿ. ಪೆಟ್ರೋನಾಸ್ ಅವಳಿ ಗೋಪುರದಲ್ಲೂ ಹಾಗೇ ಆಯಿತು. ಉಳಿದವರು 86ನೇ ಅಂತಸ್ತಿನಿಂದ ಊರು ನೋಡಿದರು. ಅತ್ತೆಗೆ ಎತ್ತರ ಆಗುವುದಿಲ್ಲ, ವೈನಿ ಅವರ ಜೊತೆ ಕೆಳಗಿನ ಪಾರ್ಕಿನಲ್ಲಿ ಕೂತರು. ಊರಿಗೆ ಮರಳಿದ ಮೇಲೆ ಮಗಳು ಮೊಬೈಲಿನಲ್ಲಿ ಫೋಟೋ ತೋರಿಸುತ್ತ, "ಅವ್ವಾ, ನೀ ಒಂದ್ರಾಗೂ ಇಲ್ಲಲ್ಲ" ಎಂದಳು. ಮಾತು ನಿಂತದ್ದು ಅವತ್ತು.

ಅದರ ಹಿಂದೆ ಇನ್ನೂ ಹಳೆಯ ನೋವೊಂದು ಇತ್ತು. ಆಲಮಟ್ಟಿ ಹಿನ್ನೀರಿಗೆ ಇವರ ಹಳೆ ಮನೆ ಹೋಯಿತು. ಪರಿಹಾರದ ದುಡ್ಡಿನಲ್ಲಿ ಜಾಸ್ತಿ ಪಾಲು ಮೈದುನನ ಓದಿಗೆ ಹೋಯಿತು. ಅತ್ತೆಯನ್ನು ನೋಡಿಕೊಂಡದ್ದು ವೈನಿ. "ಆ ಮನಿಗೆ ನಾ ಒಮ್ಮೆರ ಬೀಗರಂಗ ಹೋಗಬೇಕಿತ್ರಿ" ಎಂದರು, ಮೈದುನನ ಮನೆಯ ಬಗ್ಗೆ. ಈ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಹಾಗೇ ಬರೆದಿಟ್ಟುಕೊಂಡಿದ್ದೇನೆ.

ಗಂಡನನ್ನು ಬೇರೆಯಾಗಿ ಕರೆದೆ. ಅವರಿಗೂ ನೋವಿತ್ತು. ಎರಡು ವರ್ಷ ಉಳಿಸಿದ ದುಡ್ಡು, ಎಲ್ಲರಿಗೂ ಖುಷಿಯಾಗಲಿ ಅಂತ ಖರ್ಚು ಮಾಡಿದ್ದು. "ಆಕೀನ ಹೋಗಿ ಬರ್ರಿ ಅಂದಳು, ನಾ ಒತ್ತಾಯ ಮಾಡಿಲ್ಲ" ಎಂದರು. ಅದು ಸುಳ್ಳಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ: ಆಕೆ ಹಾಗೆ ಹೇಳದೇ ಇದ್ದಿದ್ದರೆ, ತಾಯಿಯ ಹತ್ತಿರ ಯಾರು ಕೂರುತ್ತಿದ್ದರು? ಬಹಳ ಹೊತ್ತು ಉತ್ತರ ಬರಲಿಲ್ಲ.

ಅತ್ತೆಯನ್ನು ನಾನು ಇನ್ನೂ ಮೊದಲೇ ಮಾತಾಡಿಸಬೇಕಿತ್ತು. ಹಟದ ಹೆಂಗಸು ಎಂದುಕೊಂಡಿದ್ದೆ. ಅದು ನನ್ನ ತಪ್ಪು. ಮೂರನೇ ವಾರ ಬಂದು ಅವರು ಹೇಳಿದ್ದು ಇಷ್ಟು: "ಒಬ್ಬಾಕಿನ ಕುಂದ್ರಾಕ ಅಂಜಿಕಿ ಬಂತವ್ವಾ. ಭಾಷಾ ತಿಳಿಯಂಗಿಲ್ಲ, ಮಂಗ್ಯಾನ ಕಾಟ ಬ್ಯಾರೆ. ಮಗ ಕುಂತಿದ್ರೂ ನಡೀತಿತ್ತು." ಮಗ ಕೂತಿದ್ದರೂ ನಡೆಯುತ್ತಿತ್ತು! ಇದನ್ನು ಅವರ ಹತ್ತಿರ ಯಾರೂ ಕೇಳಿರಲೇ ಇಲ್ಲ.

ವೈನಿಗೆ ನಾನು "ನೀವು ಬಾಯಿ ಬಿಟ್ಟು ಕೇಳಬೇಕಿತ್ತು" ಎನ್ನಲಿಲ್ಲ. ಹದಿನಾರು ವರ್ಷ "ನಡೀತದ" ಎಂದೇ ಸಂಸಾರ ಮಾಡಿದವರಿಗೆ ಅದು ಇನ್ನೊಂದು ಬೈಗುಳದ ಹಾಗೆ ಕೇಳಿಸುತ್ತದೆ. ಆ ಮಾತು ಬಾಯಿಗೆ ಬಂದಾಗ ಒಂದು ಗಳಿಗೆ ತಡೆಯಿರಿ, ಎರಡು ಸಲದಲ್ಲಿ ಒಂದು ಸಲವಾದರೂ "ಇವತ್ತು ನೀವು ಕೂರ್ರಿ, ನಾ ಹೋಗ್ತೀನಿ" ಅನ್ನಿ ಎಂದೆ. ಗಂಡನಿಗೆ ಹೇಳಿದ್ದು ಬೇರೆ. ಹೊರಟ ಜಾಗದಲ್ಲಿ ನಿಂತು "ನೀನೂ ಬರ್ತೀಯೇನು" ಎಂದು ಕೇಳಿದರೆ ಸಾಲದು. ಮನೆ ಬಿಡುವ ಮೊದಲೇ ಯಾವ ದಿನ ತಾಯಿಯ ಹತ್ತಿರ ಯಾರು ಎಂದು ತೀರ್ಮಾನ ಆಗಬೇಕು. ತಪ್ಪಾಯ್ತು ಎನ್ನುವಾಗಲೂ ಯಾವುದಕ್ಕೆ ಎಂದು ಹೆಸರಿಟ್ಟು ಹೇಳಿ ಎಂದೆ. ಅವರು 272 ಮೆಟ್ಟಿಲಿನ ಹೆಸರು ಹೇಳಿದರು. ನನ್ನ ಎದುರೇ.

ಊಟದ ದಾರಿ ಅತ್ತೆಯೇ ತೋರಿಸಿದರು. ನಮ್ಮ ಕಡೆ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಎಷ್ಟೊಂದು ಮಂದಿ ಇದ್ದಾರೆ, ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. "ಒಂದು ಗಂಟು ಕಟ್ಟಿಕೊಂಡು ಹೋದರಾತು, ನಾ ಹಾಲಿನಾಗ ನೆನಸಿ ತಿಂತೀನಿ" ಎಂದರು. ಪರಿಹಾರದ ದುಡ್ಡಿನ ಮಾತನ್ನು ಇದರ ಜೊತೆ ಬೆರೆಸಬೇಡಿ, ಅಣ್ಣತಮ್ಮ ಕೂತು ಬೇರೆಯಾಗಿ ಆಡಿಕೊಳ್ಳಲಿ ಎಂದೆ. ಅದು ಇನ್ನೂ ಆಗಿಲ್ಲ.

ಮಲೇಶಿಯಾಕ್ಕೆ ಮತ್ತೆ ಯಾವಾಗ ಹೋಗುತ್ತಾರೋ. ಅದಕ್ಕೇ ಒಂದು ಭಾನುವಾರ ಬಾದಾಮಿಗೆ ಹೋಗಿ ಬನ್ನಿ ಎಂದೆ. ಅಲ್ಲೂ ಮೆಟ್ಟಿಲಿವೆ, ಅಲ್ಲೂ ಮಂಗಗಳಿವೆ. ಈ ಸಲ ಗಂಡ ತಾಯಿಯ ಜೊತೆ ಕೆಳಗೆ ಉಳಿದರು. ವೈನಿ, ಮಗಳು ಹತ್ತಿದರು. 578ರ ಶಾಸನ ಇರುವ ಮೂರನೇ ಗುಹೆಯಲ್ಲಿ ಬಹಳ ಹೊತ್ತು ನಿಂತರಂತೆ. ನಾಲ್ಕನೆಯದು ಜೈನ ಗುಹೆ, ಅದನ್ನೂ ನೋಡಿ, ಅಗಸ್ತ್ಯ ತೀರ್ಥ ಕಾಣುವಂತೆ ನಿಂತು ಮಗಳು ಫೋಟೋ ತೆಗೆದಳು. ಅಷ್ಟರಲ್ಲಿ ಕೆಳಗಿನಿಂದ ಮೂರು ಸಲ ಫೋನ್ ಬಂತು, ಅವ್ವನ ಗುಳಿಗೆ ಎಲ್ಲಿ ಇಟ್ಟಿದ್ದೀ ಅಂತ.

"ಚೀಲದಾಗ ಐತಿ, ಹುಡುಕ್ರಿ" ಎಂದು ಹೇಳಿ ವೈನಿ ಫೋನ್ ಒಳಗಿಟ್ಟರಂತೆ. ಆ ಫೋಟೋವನ್ನು ನನಗೂ ತಂದು ತೋರಿಸಿದರು.